ಸಾಯದ ಶತ್ರು, ಸರಿಯದ ಸಂಗಾತಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಕಲಬುರಗಿಯಲ್ಲಿ ಆ ಹೊತ್ತಿಗೆ ಹೊರಗೆ ಕಾಲಿಡೋರು ಕಡಿಮೆ. ಸುರಪುರದಿಂದ ರಜೆಗೆ ಬಂದಿದ್ದ ನಮ್ಮ ಅಕ್ಕನ ಮಗ ಕೂಲರ್ ಮುಂದೆ ಚಾಪೆ ಹಾಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ‘ಸ್ಕೈರಿಮ್’ ಆಡುತ್ತಿದ್ದ. 2011ರ ಗೇಮ್ ಅದು. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಇನ್ನೂ ಬೆಲೆ ಇದೆ.

ಅವನ ಎದುರಿಗೆ ಒಬ್ಬ ದೈತ್ಯ. ಕೈಯಲ್ಲಿ ಮರದ ಬೊಡ್ಡೆಯಷ್ಟು ದಪ್ಪದ ದೊಣ್ಣೆ. ಹುಡುಗ ಕತ್ತಿ ಬೀಸಿದ, ಬೀಸಿದ, ಮತ್ತೂ ಬೀಸಿದ. ದೈತ್ಯನ ಜೀವ ಎಷ್ಟು ಉಳಿದಿದೆ ಅಂತ ತೋರಿಸುವ ಹೆಲ್ತ್ ಗೆರೆ ಉಗುರಿನಷ್ಟು ಕೂಡ ಕರಗಲಿಲ್ಲ. ದೈತ್ಯ ಒಂದೇ ಸಲ ದೊಣ್ಣೆ ಎತ್ತಿ ಬಡಿದ. ನಮ್ಮ ವೀರ ನೆಲ ಬಿಟ್ಟು ಮೋಡದ ತನಕ ಹಾರಿಹೋದ.

“ಮಾಮಾ, ಇವ ಎಷ್ಟ್ ಹೊಡದ್ರೂ ಸಾಯವಲ್ಲ!”

ಅರ್ಧ ಗಂಟೆ ಬಿಟ್ಟು ಇನ್ನೊಂದು ಕೂಗು. ಈಗ ಅವನು ಒಂದು ಹಳೇ ಸಮಾಧಿಯ ಒಳಗಿದ್ದ. ಜೊತೆಗೆ ಲಿಡಿಯಾ. ಆ ಗೇಮ್‌ನಲ್ಲಿ ನಮ್ಮ ಹಿಂದೆ ಸಾಮಾನು ಹೊತ್ತು ಬರುವ, ನಮ್ಮ ಪರ ಕತ್ತಿ ಹಿಡಿಯುವ ಸಂಗಾತಿ ಆಕೆ. ಸತ್ತೆದ್ದ ಅಸ್ಥಿಪಂಜರಗಳು ಮುಂದಿನಿಂದ ಬರುತ್ತಿವೆ, ಇವನಿಗೆ ಹಿಂದೆ ಓಡಬೇಕು.

“ಈಕಿ ನೋಡ್ರಿ ಮಾಮಾ, ಬಾಗಲ್ದಾಗ ನಿಂತಾಳ. ಸರಿಯವಲ್ಲಳು!”

ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಕತೆಯೊಳಗೆ ಒಂದು ಪಾತ್ರವಾಗಿ ಹೊಕ್ಕು ಅದನ್ನು ಬೆಳೆಸುತ್ತಾ ಹೋಗುವ ಗೇಮ್, ಆಡುವ ಯಾರನ್ನೇ ಕೇಳಿ, ಈ ಎರಡು ದೂರು ಇದ್ದೇ ಇರುತ್ತವೆ. ಶತ್ರುಗೆ ಅತಿ ಬಲ, ಸಂಗಾತಿಗೆ ಅತಿ ಹಠ. ನೋಡೋಕೆ ಎರಡು ಬೇರೆ ತೊಂದರೆ. ನನಗೆ ಮಾತ್ರ ಎರಡೂ ಒಂದೇ ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುತ್ತವೆ. ಅವತ್ತು ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ.

ಎರಡು ಗಡಿಯಾರ

ಈ ಗೇಮ್‌ಗಳ ಬೇರು ಕಂಪ್ಯೂಟರ್‌ನಲ್ಲಿಲ್ಲ, ಮೇಜಿನ ಮೇಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೊರತಂದರು. ಕಾಗದ, ಪೆನ್ಸಿಲ್, ದಾಳ, ನಾಲ್ಕು ಜನ ಗೆಳೆಯರು. ಅಷ್ಟೇ ಆಟ. ಒಬ್ಬ ವೀರನ ಜೀವವನ್ನು ಒಂದು ಅಂಕಿಯಾಗಿ ಬರೆದಿಡುವುದು, ಏಟು ಬಿದ್ದಾಗ ಅದರಿಂದ ಕಳೆಯುವುದು, ಅನುಭವ ಕೂಡಿದಂತೆ ಲೆವೆಲ್ ಏರಿಸುವುದು, ಇವೆಲ್ಲ ಅಲ್ಲಿಂದಲೇ ವಿಡಿಯೋ ಗೇಮ್‌ಗಳಿಗೆ ಬಂದವು. ಅಂದರೆ ಆ ದೈತ್ಯನ ಮೈಮೇಲೆ ಎಷ್ಟೇ ಕೂದಲು ಬಿಡಿಸಿರಲಿ, ಒಳಗೆ ಅವನು ನಾಲ್ಕೈದು ಅಂಕಿಗಳ ಒಂದು ಪಟ್ಟಿ.

ಪ್ರತಿ ಹೊಡೆದಾಟದಲ್ಲೂ ಎರಡು ಗಡಿಯಾರ ಓಡುತ್ತಿರುತ್ತವೆ ಅಂದುಕೊಳ್ಳಿ. ಒಂದು, ಅವನು ಸಾಯೋಕೆ ನಮ್ಮ ಎಷ್ಟು ಏಟು ಬೇಕು ಅನ್ನುವುದು. ಇನ್ನೊಂದು, ನಾವು ಸಾಯೋಕೆ ಅವನ ಎಷ್ಟು ಏಟು ಸಾಕು ಅನ್ನುವುದು. ಯಾವ ಗಡಿಯಾರ ಮೊದಲು ನಿಲ್ಲುತ್ತದೋ ಅವರು ಸೋತರು. ಅತಿ ಬಲದ ಶತ್ರು ಅಂದರೆ ನಮ್ಮ ಗಡಿಯಾರ ಎರಡೇ ಟಿಕ್‌ಗೆ ನಿಲ್ಲುತ್ತದೆ, ಅವನದು ಇನ್ನೂರು ಟಿಕ್ ಓಡುತ್ತದೆ ಅಂತ ಅರ್ಥ.

ಹುಡುಗನಿಗೆ ಅರ್ಥವಾಗಲಿ ಅಂತ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಲೆಕ್ಕ ಬರೆದೆ. ಶತ್ರುವಿನ ಜೀವ 400. ಅವನ ಕವಚ 10. ನಿನ್ನ ಕತ್ತಿ 12. ಕತ್ತಿಯಿಂದ ಕವಚ ಕಳೆದರೆ ಒಂದು ಏಟಿಗೆ ಉಳಿಯೋದು 2. ಹಾಗಾದರೆ 200 ಏಟು ಬೇಕು. ಈಗ ಕತ್ತಿಯನ್ನು 16 ಮಾಡು. ಏಟಿಗೆ 6 ಉಳಿಯಿತು. 67 ಏಟು ಸಾಕು. ಕತ್ತಿ ಏರಿದ್ದು ಮೂರನೇ ಒಂದು ಪಾಲು, ಏಟಿನ ಬಲ ಏರಿದ್ದು ಮೂರು ಪಟ್ಟು.

ಇದು ಕಳೆಯುವ ಲೆಕ್ಕದ ಗೇಮ್‌ಗಳ ಗುಟ್ಟು. ಶುರುವಿನಲ್ಲಿ ಶತ್ರು ಬಂಡೆಯ ಹಾಗಿರುತ್ತಾನೆ. ಸ್ವಲ್ಪ ಒಳ್ಳೆ ಆಯುಧ ಸಿಕ್ಕಿದ ಕೂಡಲೇ ಬೆಣ್ಣೆಯಾಗುತ್ತಾನೆ. ಅಂಥ ಗೇಮ್‌ನಲ್ಲಿ ಎರಡು ಲೆವೆಲ್ ಏರಿಸಿಕೊಂಡು ಬರುವುದು, ಊರಿಗೆ ಹೋಗಿ ಕತ್ತಿ ಸಾಣೆ ಹಿಡಿಸುವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಎಲ್ಲ ಗೇಮ್‌ಗಳೂ ಹೀಗೆ ಕಳೆಯುವುದಿಲ್ಲ. ಕೆಲವು ಕವಚವನ್ನು ಶೇಕಡಾ ಲೆಕ್ಕದಲ್ಲಿ ಹಿಡಿಯುತ್ತವೆ. ಸ್ಕೈರಿಮ್‌ನಲ್ಲಿ ನಮ್ಮ ಕವಚ ಎಷ್ಟೇ ಗಟ್ಟಿಯಿದ್ದರೂ ಏಟಿನ ಶೇಕಡಾ 80ಕ್ಕಿಂತ ಜಾಸ್ತಿ ತಡೆಯುವುದಿಲ್ಲ. ಇಂಥ ಕಡೆ ಕತ್ತಿ 12ರಿಂದ 16 ಆದರೆ ಏಟು ಕೂಡ ಅಷ್ಟೇ ಏರುತ್ತದೆ, ಮೂರನೇ ಒಂದು ಪಾಲು. ಇಲ್ಲಿ ಒಂದೇ ಅಂಕಿಯ ಹಿಂದೆ ಬಿದ್ದರೆ ದಿನಗಟ್ಟಲೆ ನರಿಗಳನ್ನು ಹೊಡೆಯುತ್ತಾ ಕೂರಬೇಕಾಗುತ್ತದೆ. ಹಾಗಾಗಿ ಹೊಸ ಗೇಮ್ ಹಿಡಿದಾಗ ನಾನು ಮೊದಲು ಮಾಡುವ ಕೆಲಸ ಇದು. ಒಂದು ಸಣ್ಣ ಶತ್ರುವನ್ನು ಎರಡು ಬೇರೆ ಆಯುಧದಿಂದ ಹೊಡೆದು ಅಂಕಿ ನೋಡುತ್ತೇನೆ. ಐದು ನಿಮಿಷದ ಕೆಲಸ.

ಮೂರನೇ ಬಗೆ ದಾಳದ್ದು. 2023ರಲ್ಲಿ ಲೇರಿಯನ್ ಸ್ಟುಡಿಯೋಸ್ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಆ ಮೇಜಿನ ಆಟದ ನಿಯಮಗಳನ್ನೇ ಹಿಡಿದು ನಡೆಯುತ್ತದೆ. ಅಲ್ಲಿ ಏಟು ತಾಗುತ್ತದೋ ಇಲ್ಲವೋ ಅನ್ನುವುದನ್ನು 20 ಮುಖದ ದಾಳ ಹೇಳುತ್ತದೆ. ಶತ್ರುವಿಗೆ ತಾಗಲು ದಾಳದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕು ಅಂತಿಟ್ಟುಕೊಳ್ಳಿ. 20ರಲ್ಲಿ 6 ಮುಖ. ಶೇಕಡಾ 30. ಹತ್ತು ಸಲ ಬೀಸಿದರೆ ಏಳು ಸಲ ಗಾಳಿಗೆ. ಆದರೆ ಶತ್ರುವನ್ನು ನೆಲಕ್ಕೆ ಕೆಡವಿಯೋ, ಅವನ ಕಣ್ಣಿಗೆ ಬೀಳದೆ ಬಂದೋ ಹೊಡೆದರೆ ದಾಳ ಎರಡು ಸಲ ಉರುಳುತ್ತದೆ, ದೊಡ್ಡ ಅಂಕಿ ನಮಗೆ. ಎರಡೂ ಸಲ ತಪ್ಪುವ ಸಾಧ್ಯತೆ ಶೇಕಡಾ 49. ಅಂದರೆ ತಾಗುವುದು 51. ಕತ್ತಿ ಅದೇ, ಕೈ ಅದೇ, ಲೆವೆಲ್ ಅದೇ. ನಿಂತ ರೀತಿ ಬದಲಾಯಿತು, 30 ಇದ್ದದ್ದು 51 ಆಯಿತು. ಎತ್ತರದ ಜಾಗದಿಂದ ಬಾಣ ಬಿಟ್ಟರೆ ದಾಳಕ್ಕೆ ಇನ್ನೂ 2 ಸೇರುತ್ತದೆ. ಪಗಡೆ ಆಡಿದ ಕೈಗಳಿಗೆ ಇದರ ರುಚಿ ಬೇಗ ಹತ್ತುತ್ತದೆ.

ಅವನ ಗಡಿಯಾರ ಮುಟ್ಟಿ, ನಿಮ್ಮದು ಉಳಿಸಿ

ಗಡಿಯಾರದ ಮಾತು ಯಾಕೆ ತೆಗೆದೆ ಅಂದರೆ, ಸೋಲುತ್ತಿರುವ ಆಟಗಾರ ಒಂದೇ ಕೆಲಸ ಮಾಡುತ್ತಿರುತ್ತಾನೆ. ಇನ್ನೂ ಜೋರಾಗಿ ಹೊಡೆಯೋದು. ಅದು ಒಂದು ಗಡಿಯಾರದ ಒಂದು ಮುಳ್ಳು ಮಾತ್ರ.

ವಿಷ ಹಾಕಿ ದೂರ ಓಡಿದರೆ, ನೀವು ಹೊಡೆಯದೆಯೇ ಅವನ ಗಡಿಯಾರ ಓಡುತ್ತದೆ. ಅವನಿಗೆ ನಿದ್ದೆ ಬರಿಸಿದರೆ, ಕಾಲು ಕಟ್ಟಿ ಹಾಕಿದರೆ ನಿಮ್ಮ ಗಡಿಯಾರ ನಿಲ್ಲದೆ ಉಳಿಯುತ್ತದೆ. ಸ್ಕೈರಿಮ್ ದೈತ್ಯನಿಗೆ ದೂರದಿಂದ ಹೊಡೆಯುವ ಆಯುಧವೇ ಇಲ್ಲ. ಅವನು ಹತ್ತಲಾಗದ ಬಂಡೆ ಹತ್ತಿ ನಿಂತು ಬಾಣ ಬಿಟ್ಟರೆ, ಅವನ ಆ ಭಯಂಕರ ದೊಣ್ಣೆಯ ಬಲ ಸೊನ್ನೆ. ಹಾಗೆ ನೋಡಿದರೆ ಆ ದೈತ್ಯ ಸುಮ್ನೆ ತನ್ನ ಪ್ರಾಣಿಗಳನ್ನು ಕಾಯ್ದುಕೊಂಡಿರುತ್ತಾನೆ. ತೀರಾ ಹತ್ತಿರ ಹೋದರೆ ಮೊದಲು ಬೆದರಿಸುತ್ತಾನೆ, ಆಮೇಲೆ ಹೊಡೆಯುತ್ತಾನೆ. ನಮ್ಮ ಹುಡುಗ ಆ ಬೆದರಿಕೆಯನ್ನು ನೋಡಿರಲೇ ಇಲ್ಲ.

ಶತ್ರುವಿನ ಗುಣ ತಿಳಿದರೆ ಆಗುವ ಚಮತ್ಕಾರಕ್ಕೆ 1994ರ ‘ಫೈನಲ್ ಫ್ಯಾಂಟಸಿ 6’ ಒಳ್ಳೆ ಉದಾಹರಣೆ. ಅದರಲ್ಲಿ ಒಂದು ದೆವ್ವದ ರೈಲು ಎದುರಾಗುತ್ತದೆ. ರೈಲಿನ ಜೊತೆಯೇ ಕಾದಾಟ! ಸತ್ತ ಸಂಗಾತಿಯನ್ನು ಎಬ್ಬಿಸಲು ಇಟ್ಟುಕೊಂಡ ಫೀನಿಕ್ಸ್ ಹಕ್ಕಿಯ ಗರಿಯನ್ನು ಆ ರೈಲಿನ ಮೇಲೆ ಬಳಸಿದರೆ ಒಂದೇ ಸಲಕ್ಕೆ ಮುಗಿಯಿತು. ಯಾಕೆ? ರೈಲು ಈಗಾಗಲೇ ಸತ್ತವರ ಲೆಕ್ಕಕ್ಕೆ ಸೇರಿದ್ದು. ಬದುಕಿಸುವ ಮದ್ದು ಅದಕ್ಕೆ ವಿಷ. ಇದು ಮೋಸ ಅಲ್ಲ. ಗೇಮ್ ಬರೆದವರು ಇಟ್ಟ ನಿಯಮವನ್ನು ಕೊನೆಯ ತನಕ ಓದಿದವರಿಗೆ ಸಿಗುವ ಫಲ.

ಸರದಿ ಪ್ರಕಾರ ಆಡುವ ಗೇಮ್‌ಗಳಲ್ಲಿ ಇನ್ನೊಂದು ಮಾತು. ಕೈಗಳನ್ನು ಎಣಿಸಿ. ದೊಡ್ಡ ಬಾಸ್ ಒಬ್ಬ, ಅವನ ಸುತ್ತ ಐದು ಜನ ಚೇಲಾಗಳು. ಒಂದು ಸುತ್ತಿಗೆ ಅವರದು ಆರು ಏಟು, ನಿಮ್ಮದು ನಾಲ್ಕು. ಎಲ್ಲರೂ ಬಾಸ್ ಮೇಲೆ ಬೀಳುತ್ತಾರೆ, ಅದು ತಪ್ಪು. ಮೊದಲು ಚೇಲಾಗಳನ್ನು ಮುಗಿಸಿ. ಪ್ರತಿಯೊಬ್ಬ ಬಿದ್ದಾಗಲೂ ಒಂದು ಸುತ್ತಿನ ಒಂದು ಏಟು ಶಾಶ್ವತವಾಗಿ ಕಡಿಮೆಯಾಗುತ್ತದೆ. ಒಂಟಿ ಬಾಸ್ ನಾಲ್ಕು ಜನರ ಕೈಗೆ ಸುಲಭವಾಗಿ ಸಿಗುತ್ತಾನೆ ಅಂತಲೇ, 2014ರ ಡಂಜನ್ಸ್ ಅಂಡ್ ಡ್ರಾಗನ್ಸ್ ನಿಯಮಗಳಲ್ಲಿ ದೊಡ್ಡ ರಾಕ್ಷಸರಿಗೆ ಬೇರೆಯವರ ಸರದಿ ಮುಗಿದಾಗಲೂ ಕೈ ಎತ್ತುವ ಅವಕಾಶ ಕೊಟ್ಟರು.

ಇನ್ನು ಜಾಗ. ಬೀದರ್ ಕೋಟೆಗೆ ಹೋದವರು ನೆನಪು ಮಾಡಿಕೊಳ್ಳಿ. ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ. ಒಳಗೆ ಹೋಗುವ ದಾರಿಯೂ ನೇರವಾಗಿಲ್ಲ. ಒಂದು ಬಾಗಿಲು, ಒಂದು ತಿರುವು, ಮತ್ತೆ ಬಾಗಿಲು. ಹೊರಗೆ ಎಷ್ಟು ಸಾವಿರ ಜನ ನಿಂತರೇನು, ಆ ತಿರುವಿನಲ್ಲಿ ಒಟ್ಟಿಗೆ ನುಗ್ಗೋಕೆ ಆಗುವುದಿಲ್ಲ. ಗೇಮ್‌ನಲ್ಲೂ ಬಯಲಲ್ಲಿ ನಿಂತು ಹತ್ತು ಜನರ ಏಟು ತಿನ್ನುವುದಕ್ಕಿಂತ, ಒಂದು ಬಾಗಿಲ ತನಕ ಹಿಂದೆ ಸರಿದು ಒಬ್ಬೊಬ್ಬರನ್ನೇ ಎದುರಿಸುವುದು ಲೇಸು. ಅವರ ಸಂಖ್ಯೆ ಬದಲಾಗಲಿಲ್ಲ. ಒಂದೇ ಹೊತ್ತಿಗೆ ಏಳುವ ಕೈಗಳು ಕಡಿಮೆಯಾದವು.

ಓಡಿಹೋಗುವುದೂ ಆಟವೇ

“ಹೋಗಿ ಆಮೇಲೆ ಬಾ” ಅಂತ ಹೇಳಲೆಂದೇ ನಿಲ್ಲಿಸಿದ ಶತ್ರುಗಳೂ ಇರುತ್ತಾರೆ. 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಶುರುವಾಗುವ ಊರಿನಿಂದ ನ್ಯೂ ವೇಗಸ್ ನಗರಕ್ಕೆ ಉತ್ತರದ ಹತ್ತಿರದ ದಾರಿ ಇದೆ. ಆ ದಾರಿಯಲ್ಲಿ ಡೆತ್‌ಕ್ಲಾ ಎಂಬ ಪ್ರಾಣಿಗಳು. ಎರಡು ಸಲ ಪರಚಿದರೆ ಪ್ರಾಣ ಹೋಗುತ್ತದೆ. ಹಾಗಾಗಿ ಹೊಸಬರು ದಕ್ಷಿಣಕ್ಕೆ ಸುತ್ತು ಹಾಕಿ ಬರಬೇಕು, ಆ ಸುತ್ತುದಾರಿಯಲ್ಲೇ ಕತೆ ಇದೆ. ಅಲ್ಲಿ ಶತ್ರುವೇ ಊರ ಹೊರಗಿನ ಬೋರ್ಡು. 2022ರ ‘ಎಲ್ಡನ್ ರಿಂಗ್’ ಇನ್ನೂ ನೇರ. ಗುಹೆಯಿಂದ ಹೊರಬಂದ ಕೂಡಲೇ ಎದುರಿಗೆ ಬಂಗಾರದ ಕವಚದ ಕುದುರೆ ಸವಾರ. ಹೊಸ ಆಟಗಾರ ಸಾಯುತ್ತಾನೆ, ಮತ್ತೆ ಹೋಗುತ್ತಾನೆ, ಮತ್ತೆ ಸಾಯುತ್ತಾನೆ. ಪಕ್ಕದಿಂದ ಬಳಸಿ ಹೋಗಲು ಬೇಕಾದಷ್ಟು ಬಯಲಿದೆ. ಆ ಸವಾರ ಅಲ್ಲೇ ಇರುತ್ತಾನೆ, ನಿಮ್ಮ ಲೆವೆಲ್ ಜೊತೆ ಬೆಳೆಯುವುದಿಲ್ಲ. ಕುದುರೆ ಸಿಕ್ಕ ಮೇಲೆ ಬನ್ನಿ.

ಓಡುವುದು ಅಂದರೆ ನಮ್ಮ ಹುಡುಗನಿಗೆ ಅವಮಾನ. ಅವನು ಸುರಪುರದವನಲ್ವಾ, ಹಾಗಾಗಿ ಅವನ ಊರಿನ ಮಾತನ್ನೇ ನೆನಪಿಸಿದೆ. 1705ರಲ್ಲಿ ಔರಂಗಜೇಬ ತಾನೇ ದೊಡ್ಡ ಸೈನ್ಯ ಕಟ್ಟಿಕೊಂಡು ಸುರಪುರದ ಹತ್ತಿರದ ವಾಗಿನಗೇರಾ ಕೋಟೆಗೆ ಬಂದ. ವಯಸ್ಸು 80 ದಾಟಿತ್ತು. ಎದುರಿಗೆ ಬೇಡರ ದೊರೆ ಪಿಡ್ಡ ನಾಯಕ. ಎರಡು ಸೈನ್ಯಗಳ ಅಂಕಿ ಪಕ್ಕಪಕ್ಕ ಬರೆದರೆ ನಗು ಬರುವಂಥ ಅಂತರ. ತಿಂಗಳುಗಟ್ಟಲೆ ಮುತ್ತಿಗೆ ನಡೆಯಿತು. ಕೋಟೆ ಉಳಿಯುವುದಿಲ್ಲ ಅಂತ ಖಚಿತವಾದಾಗ ನಾಯಕ ತನ್ನವರ ಜೊತೆ ತಪ್ಪಿಸಿಕೊಂಡ. ಬಾದಶಹನ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ಅದೇ ಅವನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ. 1707ರಲ್ಲಿ ಅವನು ತೀರಿಕೊಂಡ. ನಾಯಕರ ಮನೆತನ ಸುರಪುರದಲ್ಲಿ ಮುಂದೆ 150 ವರ್ಷ ಆಳಿತು.

ಹುಡುಗ ಒಂದು ನಿಮಿಷ ಸುಮ್ಮನಿದ್ದ. ಆಮೇಲೆ ಗೇಮ್ ಸೇವ್ ಮಾಡಿಕೊಂಡ.

ಎಲ್ಲ ಗೇಮ್‌ಗಳಲ್ಲೂ ಈ ಉಪಾಯ ನಡೆಯುವುದಿಲ್ಲ, ಅದನ್ನೂ ಹೇಳಬೇಕು. 2006ರ ‘ಒಬ್ಲಿವಿಯನ್’ನಲ್ಲಿ ನಾವು ಲೆವೆಲ್ ಏರಿದಂತೆ ಲೋಕವೂ ಏರುತ್ತದೆ. ಕೊನೆಕೊನೆಗೆ ದಾರಿಯಲ್ಲಿ ನಾಲ್ಕು ಕಾಸಿಗೆ ತಡೆಯುವ ಕಳ್ಳ ಕೂಡ ರಾಜರ ಹತ್ತಿರವೂ ಇರದಂಥ ಕವಚ ತೊಟ್ಟಿರುತ್ತಾನೆ. ನನಗೆ ಇದು ಇಷ್ಟವಿಲ್ಲ. ಬೆವರು ಸುರಿಸಿ ಬೆಳೆದ ಮೇಲೆ, ಹಿಂದೆ ಹೊಡೆದವನ ಮುಂದೆ ಎದೆಯೆತ್ತಿ ನಿಲ್ಲುವ ಸಂತೋಷವನ್ನು ಅದು ಕಸಿದುಕೊಳ್ಳುತ್ತದೆ.

ಕಾಲಿನ ಹಠ, ಕೈಯ ಹಠ, ಮನಸ್ಸಿನ ಹಠ

ಈಗ ಲಿಡಿಯಾ ಹತ್ತಿರ ಬರೋಣ. ಸಂಗಾತಿಗಳ ಹಠ ಒಂದೇ ಥರದ್ದಲ್ಲ.

ಬಾಗಿಲಲ್ಲಿ ನಿಲ್ಲುವುದು ಕಾಲಿನ ಹಠ. ಗೇಮ್‌ನ ನೆಲದ ಮೇಲೆ ನಮಗೆ ಕಾಣದ ಒಂದು ನಕ್ಷೆ ಹಾಸಿರುತ್ತದೆ. ಎಲ್ಲಿ ನಡೆಯಬಹುದು, ಎಲ್ಲಿ ಬೇಡ ಅಂತ. ಆ ನಕ್ಷೆಯ ಮೇಲೆ ಹತ್ತಿರದ ದಾರಿ ಹುಡುಕಲು ಬಹಳ ಗೇಮ್‌ಗಳು ಬಳಸುವುದು ಎ-ಸ್ಟಾರ್ ಎಂಬ ವಿಧಾನ. 1968ರಲ್ಲಿ ಹಾರ್ಟ್, ನಿಲ್ಸನ್, ರಾಫೆಲ್ ಎಂಬ ಮೂವರು ಅದನ್ನು ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಶೇಕಿ ಅನ್ನುವ ರೋಬೋಟ್ ದಾರಿ ಹುಡುಕಿಕೊಂಡು ನಡೆಯಲಿ ಅಂತ ನಡೆದ ಕೆಲಸ ಅದು.

ಸಂಗಾತಿಗೆ ಕೊಟ್ಟ ಅಪ್ಪಣೆ ಇಷ್ಟೇ: ಆಟಗಾರನ ಹಿಂದೆ ಹೋಗು, ಹತ್ತಿರ ಬಂದಾಗ ನಿಲ್ಲು. ನೀವು ಇಕ್ಕಟ್ಟಾದ ಕೋಣೆಗೆ ನುಗ್ಗುತ್ತೀರಿ. ಆಕೆ ಹಿಂದೆ ಬರುತ್ತಾಳೆ. ಬಾಗಿಲಿಗೆ ಬರುವಷ್ಟರಲ್ಲಿ ನಿಮ್ಮ ಹತ್ತಿರ ಬಂದಾಯಿತು, ನಿಲ್ಲುತ್ತಾಳೆ. ನೀವು ತಿರುಗಿ ಓಡಿ ಬಂದರೆ ಆಕೆಯ ಲೆಕ್ಕದಲ್ಲಿ ನೀವೇ ಇನ್ನೂ ಹತ್ತಿರ ಬಂದಿರಿ. ಸರಿಯೋಕೆ ಕಾರಣವೇ ಇಲ್ಲ. ಹಠ ಅಲ್ಲ, ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿದ್ದು! ಇದು ಗೊತ್ತಾದರೆ ಉಪಾಯ ಸುಲಭ. ಇಕ್ಕಟ್ಟಿನ ಕೋಣೆಗೆ ಹೋಗುವ ಮುಂಚೆ ಆಕೆಗೆ “ಇಲ್ಲೇ ಕಾಯಿ” ಅಂತ ಹೇಳಿ ಹೋಗಿ.

ಎರಡನೆಯದು ಕೈಯ ಹಠ. ಯಾರನ್ನು ಹೊಡೆಯಬೇಕು, ಯಾವಾಗ ಮದ್ದು ಕೊಡಬೇಕು ಅನ್ನುವ ತೀರ್ಮಾನ. 1990ರ ‘ಡ್ರಾಗನ್ ಕ್ವೆಸ್ಟ್ 4’ರಲ್ಲಿ ಕ್ರಿಸ್ಟೋ ಅಂತ ಒಬ್ಬ ಪೂಜಾರಿ ಇದ್ದಾನೆ. ಕೊನೆಯ ಅಧ್ಯಾಯದಲ್ಲಿ ಸಂಗಾತಿಗಳು ತಮ್ಮ ಬುದ್ಧಿಯಂತೆ ಹೊಡೆದಾಡುತ್ತಾರೆ. ನಾವೆಲ್ಲ ಮದ್ದಿಗಾಗಿ ಬಾಯಿ ಬಿಡುತ್ತಿದ್ದರೆ, ಈ ಪುಣ್ಯಾತ್ಮ ಬಾಸ್ ಮೇಲೆ ಒಂದೇ ಏಟಿಗೆ ಸಾಯಿಸುವ ಮಂತ್ರ ಹಾಕುತ್ತಾ ನಿಲ್ಲುತ್ತಾನೆ. ಬಾಸ್‌ಗಳಿಗೆ ಆ ಮಂತ್ರ ತಾಗುವುದೇ ಇಲ್ಲ. ಜಪಾನಿನ ಆಟಗಾರರು ಇದನ್ನು ಇವತ್ತಿಗೂ ಮರೆತಿಲ್ಲ. 2006ರ ‘ಪರ್ಸೋನಾ 3’ ಕೂಡ ಹೀಗೆಯೇ, ಗೆಳೆಯರಿಗೆ ಸ್ಥೂಲವಾಗಿ ಒಂದು ಧೋರಣೆ ಹೇಳಬಹುದಿತ್ತು ಅಷ್ಟೇ. 2009ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸಣ್ಣ ಯಂತ್ರದ ಆವೃತ್ತಿಯಲ್ಲಿ ನೇರ ಅಪ್ಪಣೆ ಕೊಡುವ ಅವಕಾಶ ಬಂತು.

ಇದಕ್ಕೆ ನಾನು ಕಂಡ ಚೆಂದದ ಪರಿಹಾರ 2006ರ ‘ಫೈನಲ್ ಫ್ಯಾಂಟಸಿ 12’ರದ್ದು. ಗ್ಯಾಂಬಿಟ್ ಅಂತ ಅದರ ಹೆಸರು. ಸಂಗಾತಿಗೆ ನೀವೇ “ಹೀಗಾದರೆ ಹಾಗೆ ಮಾಡು” ಅಂತ ಸಾಲಾಗಿ ಬರೆದುಕೊಡಬಹುದು. ಆಕೆ ಮೇಲಿನಿಂದ ಓದುತ್ತಾ ಬರುತ್ತಾಳೆ, ಮೊದಲು ಹೊಂದಿದ ಸಾಲಿನಂತೆ ನಡೆಯುತ್ತಾಳೆ. ಇಲ್ಲೇ ಎಲ್ಲರೂ ಎಡವೋದು. ಮೊದಲ ಸಾಲು “ಶತ್ರು ಕಂಡರೆ ಹೊಡಿ”, ಎರಡನೇ ಸಾಲು “ಯಾರದಾದರೂ ಜೀವ ಅರ್ಧಕ್ಕಿಂತ ಕಡಿಮೆಯಾದರೆ ಮದ್ದು ಕೊಡು” ಅಂತ ಬರೆದರೆ ಏನಾಗುತ್ತದೆ? ಹೊಡೆದಾಟದಲ್ಲಿ ಶತ್ರು ಕಣ್ಣ ಮುಂದೆ ಇದ್ದೇ ಇರುತ್ತಾನೆ. ಎರಡನೇ ಸಾಲಿಗೆ ಆಕೆ ಇಳಿಯುವುದೇ ಇಲ್ಲ. ನೀವು ಸಾಯುತ್ತೀರಿ, ಆಕೆ ಹೊಡೆಯುತ್ತಲೇ ಇರುತ್ತಾಳೆ. ಸಾಲುಗಳನ್ನು ಅದಲು ಬದಲು ಮಾಡಿ, ಅದೇ ಸಂಗಾತಿ ತಾಯಿಯಂತೆ ಕಾಪಾಡುತ್ತಾಳೆ. 2009ರ ‘ಡ್ರಾಗನ್ ಏಜ್: ಒರಿಜಿನ್ಸ್’ನಲ್ಲೂ ಇಂಥದೇ ಪಟ್ಟಿ ಇದೆ.

ಮೂರನೆಯದು ಮನಸ್ಸಿನ ಹಠ, ನನಗೆ ಎಲ್ಲಕ್ಕಿಂತ ಪ್ರೀತಿಯದು. 1998ರ ಮೊದಲ ‘ಬಾಲ್ಡರ್ಸ್ ಗೇಟ್’ನಲ್ಲಿ ನಿಮ್ಮ ಹೆಸರು ಕೆಟ್ಟರೆ ಒಳ್ಳೆಯ ಸಂಗಾತಿಗಳು ಬಿಟ್ಟುಹೋಗುತ್ತಾರೆ. ತೀರಾ ಒಳ್ಳೆಯ ಹೆಸರು ಬಂದರೆ ಕೆಟ್ಟ ಸಂಗಾತಿಗಳು ಬಿಟ್ಟುಹೋಗುತ್ತಾರೆ! ಡ್ರಾಗನ್ ಏಜ್‌ನ ಅಲಿಸ್ಟರ್‌ಗೆ ತನ್ನ ಗುರುವಿನ ಸಾವಿಗೆ ಕಾರಣನಾದ ಲೋಗೇನ್ ಮೇಲೆ ತೀರದ ಸಿಟ್ಟು. ನೀವು ಲೋಗೇನ್‌ಗೆ ಜೀವದಾನ ಮಾಡಿದರೆ, ಅಲ್ಲಿಯ ತನಕ ಹೆಗಲಿಗೆ ಹೆಗಲು ಕೊಟ್ಟ ಅಲಿಸ್ಟರ್ ನಿಮ್ಮನ್ನು ಬಿಟ್ಟು ನಡೆಯುತ್ತಾನೆ. ಎಷ್ಟು ಉಡುಗೊರೆ ಕೊಟ್ಟಿದ್ದರೂ ಅಷ್ಟೇ. ಮೊದಲ ಸಲ ಹಾಗಾದಾಗ ನಾನು ಹಳೇ ಸೇವ್ ತೆಗೆಯಲು ಹೋಗಿ, ಕೈ ಹಿಂದೆ ತೆಗೆದುಕೊಂಡೆ. ಅವನು ಮಾಡಿದ್ದು ಸರಿ ಅನ್ನಿಸಿತು. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು ಬರೀ ಸಾಮಾನು. ಇಲ್ಲ ಅನ್ನಬಲ್ಲವನು ಗೆಳೆಯ.

ತಕ್ಕಡಿ

ಎರಡೂ ತಟ್ಟೆ ಒಂದೇ ತಕ್ಕಡಿಯವು ಅಂದಿದ್ದೆ. ಅದು ಕಣ್ಣಿಗೆ ಕಾಣುವುದು 1996ರ ‘ಪೋಕೆಮಾನ್’ನಲ್ಲಿ. ಅಲ್ಲಿ ನಾವು ಹಿಡಿದು ಪಳಗಿಸಿ ಕಾದಾಡಿಸುವ ಪ್ರಾಣಿಗಳೇ ಪೋಕೆಮಾನ್, ಅವನ್ನು ಗೆಳೆಯರ ಜೊತೆ ಅದಲು ಬದಲು ಮಾಡಿಕೊಳ್ಳಬಹುದು. ಹಾಗಾದರೆ ಅಣ್ಣನ ಹತ್ತಿರದ 80ನೇ ಲೆವೆಲ್‌ನ ಪೋಕೆಮಾನ್ ಇಸಕೊಂಡು ಇಡೀ ಗೇಮ್ ಒಂದು ದಿನದಲ್ಲಿ ಮುಗಿಸಬಹುದಲ್ವಾ? ಇಲ್ಲ. ಬೇರೆಯವರಿಂದ ಬಂದ ಬಲಶಾಲಿ ಪೋಕೆಮಾನ್, ಊರೂರಿನ ಮುಖಂಡರನ್ನು ಗೆದ್ದಾಗ ಸಿಗುವ ಬ್ಯಾಡ್ಜ್ ನಿಮ್ಮ ಹತ್ತಿರ ಸಾಕಷ್ಟು ಇಲ್ಲದಿದ್ದರೆ ನಿಮ್ಮ ಮಾತು ಕೇಳುವುದಿಲ್ಲ. ಮುಖ ತಿರುಗಿಸುತ್ತದೆ, ನಿದ್ದೆ ಹೊಡೆಯುತ್ತದೆ. ಎರಡನೇ ಬ್ಯಾಡ್ಜ್ ಸಿಕ್ಕಾಗ 30ನೇ ಲೆವೆಲ್ ತನಕದವು ಬಗ್ಗುತ್ತವೆ, ನಾಲ್ಕನೆಯದಕ್ಕೆ 50ರ ತನಕ. ಎಂಟೂ ಸಿಕ್ಕ ಮೇಲೆ ಎಲ್ಲವೂ.

ಇಲ್ಲಿ ಹಠವನ್ನು ಬೇಕಂತಲೇ ಇಟ್ಟಿದ್ದಾರೆ. ಸಂಗಾತಿಯ ಬಲ ಜಾಸ್ತಿಯಾದರೆ ಶತ್ರು ಸಪ್ಪೆ, ನಾವು ಬರೀ ನೋಡುಗರು. ಹಾಗಾಗಿ ಒಂದು ತಟ್ಟೆಗೆ ಬಲ ಹಾಕಿದವರು ಇನ್ನೊಂದಕ್ಕೆ ಹಠ ಹಾಕಿದರು. ಲಿಡಿಯಾ ಕತೆಯೂ ಅದೇ. ಜೀವ ತೀರಾ ಇಳಿದಾಗ ಆಕೆ ಮಂಡಿಯೂರುತ್ತಾಳೆ, ಶತ್ರುಗಳು ಆಕೆಯನ್ನು ಬಿಟ್ಟು ನಿಮ್ಮತ್ತ ತಿರುಗುತ್ತಾರೆ. ಆಕೆಯೇ ಎಲ್ಲರನ್ನೂ ಮುಗಿಸಿಬಿಟ್ಟರೆ ಆಟ ಯಾರದು? ಶತ್ರು ಅತಿ ಅನ್ನಿಸಿದಾಗ ಸಂಗಾತಿಯ ಕಡೆ ನೋಡಬೇಕು, ಸಂಗಾತಿ ಹಠ ಅನ್ನಿಸಿದಾಗ ಶತ್ರುವಿನ ಕಡೆ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಕೂಲರ್ ನಿಂತಿತು. ಅಕ್ಕ ಮಜ್ಜಿಗೆ ತಂದುಕೊಟ್ಟಳು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುತ್ತಿತ್ತು. ಹುಡುಗ ಮತ್ತೆ ಅದೇ ಸಮಾಧಿಗೆ ಹೋದ. ಈ ಸಲ ಒಳಗಿನ ದೊಡ್ಡ ಕೋಣೆಯಲ್ಲಿ ನಿಲ್ಲಲಿಲ್ಲ. ಅಸ್ಥಿಪಂಜರಗಳು ಎದ್ದ ಕೂಡಲೇ ಹಿಂದೆ ಓಡಿ ಬಂದು, ಇಕ್ಕಟ್ಟಾದ ಓಣಿ ದಾಟಿ ಮೆಟ್ಟಿಲು ಹತ್ತಿ ನಿಂತ. ಲಿಡಿಯಾ ಓಣಿಯಲ್ಲೇ ಮೊದಲನೆಯವನ ಜೊತೆ ಕತ್ತಿ ಹಿಡಿದಳು. ಓಣಿ ತುಂಬಿತು. ಉಳಿದವರು ಅವನ ಹಿಂದೆ ರೇಷನ್ ಅಂಗಡಿ ಮುಂದಿನಂತೆ ಸಾಲಾಗಿ ನಿಂತರು. ಹುಡುಗ ಮೇಲಿನ ಮೆಟ್ಟಿಲಿಂದ ಆಕೆಯ ತಲೆಯ ಮೇಲೆ ಹಾಯುವಂತೆ ಬಾಣ ಬಿಡತೊಡಗಿದ. ಒಂದು, ಎರಡು, ಮೂರು.

“ಈಗ ನೋಡ್ರಿ ಮಾಮಾ,” ಅಂದ, ಕಣ್ಣು ಪರದೆಯಿಂದ ತೆಗೆಯದೆ. “ಈಕಿ ಸರೀಬಾರ್ದು.”